ಎರಿ ಮಣ್ಣಿನ ಹಿತ್ತಲಕ್ಕ ಸಿಮೆಂಟ್ ಹಾಕ್ಬ್ಯಾಡ್ರಿ, ಮದಲ ಹದ ನೋಡ್ರಿ

ಪ್ರಶ್ನೆ: ಸರ್, ನಮ್ದು ಕಲಬುರಗಿ, ರಿಂಗ್ ರೋಡ್ ದಾಟಿ ಹೊಸ ಲೇಔಟ್‌ನಾಗ ಮನಿ. ಮನಿ ಹಿಂದ 20 ಬೈ 25 ಫೂಟ್ ಹಿತ್ತಲ ಅದ, ಪೂರಾ ಕರಿ ಎರಿ ಮಣ್ಣು. ಹೋದ ವರ್ಷ ರೊಕ್ಕ ಸುರದು ಲಾನ್ ಹಾಕ್ಸಿದ್ವಿ, ಮೇ ತಿಂಗಳಿಗೆ ಸುಟ್ಟು ಕರಕಲಾಯ್ತು. ಮಳಿಗಾಲದಾಗ ಕಾಲಿಟ್ರ ಚಪ್ಪಲ್ ಒಳಗೇ ಉಳೀತದ. ಈಗ ನಮ್ಮನೆಯವ್ರು ಪೂರಾ ಸಿಮೆಂಟ್ ಹಾಕ್ಸಿ ಕೈ ತೊಳ್ಕೋಳೂನು ಅಂತಾರ. ಅತ್ತಿಯವ್ರಿಗೆ ಕಾಯಿಪಲ್ಯ ಬೇಕು, ಹುಡುಗ್ರಿಗೆ ಆಡ್ಲಾಕ ಜಾಗ ಬೇಕು, ನನಗ ಸಂಜಿಮುಂದ ಚಾ ಹಿಡ್ಕೊಂಡು ಕುಂಡ್ರಾಕ ಜರಾ ನೆರಳು ಬೇಕು. ಲಿಂಬಿ ಗಿಡದ ಎಲಿ ಬ್ಯಾರೆ ಹಳದಿ ಆಗ್ಲಾಕತ್ಯಾವ. ವರ್ಷಪೂರ್ತಿ ಹೆಂಗ್ ನೋಡ್ಕೋಬೇಕು ಹೇಳ್ರಿ.

ಉತ್ತರ: ತಂಗೀ, ಮದಲ ಮನೆಯವ್ರಿಗೆ ಹೇಳಿ ಆ ಸಿಮೆಂಟ್ ಗಾಡಿ ನಿಲ್ಲಸ್ರಿ. ನಮ್ಮ ಎರಿ ಮಣ್ಣು ಸುಮ್ನ ಬಿದ್ಕೊಂಡಿರೂ ಮಣ್ಣಲ್ಲ, ಮಳಿಗಾಲದಾಗ ನೀರ್ ಕುಡದು ಉಬ್ಬತದ, ಬ್ಯಾಸಗ್ಯಾಗ ಒಣಗಿ ಕುಗ್ಗತದ, ವರ್ಷಾ ಇದೇ ಕೆಲಸ ಅದರದು. ಅದರ ಮ್ಯಾಲ ನಾಕ್ ಇಂಚ್ ಸಿಮೆಂಟ್ ಎಳದ್ರ ಒಂದೆರಡು ಮಳಿಗಾಲದಾಗ ಅಲ್ಲೊಂದು ಇಲ್ಲೊಂದು ಸೀಳು ಬಿಟ್ಟೇ ಬಿಡ್ತದ, ಆ ಸೀಳಿನ್ಯಾಗ ಕಾಂಗ್ರೆಸ್ ಕಸ ಹುಟ್ಟತದ, ಮತ್ತ ಮೇ ತಿಂಗಳದಾಗ ಹಗಲೆಲ್ಲ ಕಾದ ಸಿಮೆಂಟು ರಾತ್ರಿ ಹತ್ತರ ತನಕ ಝಳ ಉಗುಳ್ತದ, ಹಿಂದಿನ ಖೋಲ್ಯಾಗ ಮಕ್ಕೊಳೋರಿಗೆ ಕೂಲರ್ ಹಚ್ಚಿದ್ರೂ ಸಮಾಧಾನ ಇರಲ್ಲ. ನೀವು ಲಾನ್‌ಗೆ ಹಾಕಿದ್ದು ಒಂದ್ ಸಲ ಹೋಯ್ತು, ಸಿಮೆಂಟ್‌ಗೆ ಹಾಕಿದ್ದು ವರ್ಷಾ ವರ್ಷಾ ಕಾಡ್ತದ.

ಲಾನ್ ಯಾಕ ಹೋಯ್ತು ಅಂತ ತಿಳ್ಕೊಂಡ್ರ ಉಳದದ್ದು ತಾನೇ ತಿಳೀತದ. ನಿಮ್ಮ ಜಾಗ 500 ಚದರ ಫೂಟ್, ಅಂದ್ರ ಹೆಚ್ಚು ಕಮ್ಮಿ 46 ಚದರ ಮೀಟರ್. ನಮ್ಮ ಬ್ಯಾಸಗಿ ಬಿಸಲಿಗೆ ದಿನಕ್ಕ ಬರೇ 5 ಮಿ.ಮೀ. ನೀರ್ ಆರ್ತದ ಅಂತ ಕಮ್ಮಿ ಹಿಡದ್ರೂ ಆ ಹುಲ್ಲಿಗೆ ದಿನಾ 230 ಲೀಟರ್ ಬೇಕು, ಮತ್ತ ಅದೇ ದಿನಗಳದಾಗ ನಿಮ್ಮ ನಳಕ್ಕ ನೀರ್ ಎಷ್ಟ್ ದಿನಕ್ಕೊಮ್ಮೆ ಬರ್ತದ ನಿಮಗೇ ಗೊತ್ತದ. ಅದರ ಮ್ಯಾಲ ಈ ಲಾನ್ ಹಾಸೋರು ಏನ್ ಮಾಡ್ತಾರ ಅಂದ್ರ ಎರಿ ಮಣ್ಣಿನ ಮ್ಯಾಲ ಎರಡ್ ಮೂರ್ ಇಂಚ್ ಕೆಂಪ್ ಮಣ್ಣು ಸುರವಿ ಅದರ ಮ್ಯಾಲ ಮೆಕ್ಸಿಕನ್ ಹುಲ್ಲಿನ ಚಾಪಿ ಹಾಸಿ ರೋಲ್ ಹೊಡದು ಹೋಗ್ತಾರ, ಬೇರು ಆ ಕೆಂಪ್ ಮಣ್ಣಿನ್ಯಾಗೇ ತಿರುಗಾಡಕೋತ ಇರ್ತಾವ, ಕೆಳಗ ಇಳಿಯಲ್ಲ, ಎರಡ್ ದಿನ ನೀರ್ ತಪ್ಪಿದ್ರ ಕತಿ ಮುಗೀತು. ನಾ ಭಿ ನನ್ನ ಮನಿ ಕಟ್ಟಿದ ಹೊಸದ್ರಾಗ ಇದೇ ಹುಚ್ಚಿಗೆ ಬಿದ್ದವ್ನೇ, ಮೂವತ್ತು ವರ್ಷ ನರ್ಸರಿ ನಡಸಿದವ್ನಿಗೇ ಬುದ್ಧಿ ಇರಲಿಲ್ಲ ಅಂದ್ಮ್ಯಾಲ ನೀವ್ ಬ್ಯಾಸರ ಮಾಡ್ಕೋಬ್ಯಾಡ್ರಿ. ಹುಲ್ಲೇ ಬೇಕಂದ್ರ ನಮ್ಮ ಕರಕಿ ಅದ ಅಲ್ರಿ, ಗಣಪ್ಪಗ ಏರಸ್ತೀವಿ ಅಲ್ಲ ಅದೇ. ಮಳಿ ಬಿದ್ದ ಕೂಡ್ಲೇ ತಾನೇ ಹಬ್ಬತದ, ಬ್ಯಾಸಗ್ಯಾಗ ಒಣಗಿ ಬಣ್ಣ ಕೆಡ್ತದ, ಕೆಡ್ಲಿ ಬಿಡ್ರಿ, ಬೇರು ಜೀವ ಹಿಡ್ಕೊಂಡಿರ್ತದ, ಮಿರಗಾ (ಮೃಗಶಿರಾ) ಮಳಿಗೆ ಮತ್ತ ಹಸರು. ಹುಡುಗ್ರು ಆಡೂ ಕಡಿ ಒಂದಿಷ್ಟು ಕರಕಿ ಬಿಟ್ಟು ತಿಂಗಳಿಗೆರಡು ಸಲ ಕತ್ತರಸ್ರಿ, ಸಾಕು.

ಈಗ ಮುಖ್ಯ ಮಾತಿಗೆ ಬರ್ತೀನಿ. ಎರಿ ಮಣ್ಣಿನ ಹಿತ್ತಲಕ್ಕ ಕ್ಯಾಲೆಂಡರ್ ನೋಡಿ ಕೆಲಸ ಮಾಡೂದಲ್ಲ, ಹದ ನೋಡಿ ಮಾಡೂದು. ಹಸಿ ಇದ್ದಾಗ ಗುದ್ಲಿ ಹಾಕಿದ್ರ ಹೆಂಟಿ ಏಳ್ತಾವ, ಅವು ಒಣಗಿದ್ರ ಇಟ್ಟಂಗಿ ಆಗ್ತಾವ, ಆಮ್ಯಾಲ ವರ್ಷಿಡೀ ಒಡಕೋತ ಕುಂಡ್ರಬೇಕು. ಪೂರಾ ಒಣಗಿದಾಗ ಹಾರಿ ಹಾಕಿದ್ರ ಹಾರೀನೇ ವಾಪಸ್ ಪುಟೀತದ. ನಡುವ ಒಂದ್ ನಾಕೈದು ದಿನ ಇರ್ತಾವ, ಅದೇ ಹದ. ಹೆಂಗ್ ಗುರ್ತ ಹಿಡಿಯೂದು ಅಂದ್ರ ಗೇಣುದ್ದ ತೋಡಿ ಒಂದ್ ಹಿಡಿ ಮಣ್ಣು ತಗೋರಿ, ಉಂಡಿ ಕಟ್ರಿ, ಎದಿ ಎತ್ತರದಿಂದ ಕೆಳಗ ಬಿಡ್ರಿ. ಚಪ್ಪಟ್ಯಾಗಿ ಬಿತ್ತಂದ್ರ ಇನ್ನಾ ಹಸಿ ಅದ, ಕೈ ಹಚ್ಚಬ್ಯಾಡ್ರಿ. ಉಂಡೀನೇ ಕಟ್ಟಲಿಲ್ಲಂದ್ರ ಒಣಗ್ಯದ. ಉಂಡಿ ಕಟ್ಟಿ, ಬಿದ್ದಾಗ ಪುಡಿ ಪುಡಿ ಆಯ್ತಂದ್ರ ಅವತ್ತು ಬ್ಯಾರೆ ಎಲ್ಲಾ ಕೆಲಸ ಬಿಟ್ಟು ಹಿತ್ತಲಕ್ಕ ನಡೀರಿ. ನಮ್ಮ ಕಡಿ ಇಂಥಾ ಹದ ದೊಡ್ಡದಾಗಿ ವರ್ಷಕ್ಕ ಎರಡೇ ಸಲ, ಜೂನ್‌ದಾಗ ಮಿರಗಾ ಮಳಿ ಬಿದ್ದು ಎರಡ್ ಮೂರ್ ದಿನ ಬಿಸಲು ಬಿದ್ದಾಗ ಒಂದು, ಅಕ್ಟೋಬರ್‌ದಾಗ ಹಸ್ತ ಚಿತ್ತ ಮಳಿ ಹೋದ ಮ್ಯಾಲ ಇನ್ನೊಂದು. ನಡುವ ಸಣ್ಣ ಪುಟ್ಟ ಹದ ಸಿಗ್ತಾವ, ಸಿಕ್ರ ಲಾಭ. ನಿಮ್ಮತ್ತಿಯವ್ರು ಹೊಲಮನಿ ಕಂಡವ್ರಿದ್ರ ಇದೆಲ್ಲಾ ಅವ್ರಿಗೆ ನನಕ್ಕಿಂತ ಚೊಲೋ ಗೊತ್ತಿರ್ತದ, ಕೇಳ್ರಿ.

ಶರಣಬಸವೇಶ್ವರ ಅಪ್ಪನ ಜಾತ್ರಿ ಮುಗೀತಂದ್ರ ನಮ್ಮೂರಾಗ ಬಿಸಲು ಸುರು, ಮುಂದ ಮೇ ತನಕ 42, 43 ಡಿಗ್ರಿ ನೋಡೂದೇ ಅದ. ಮಂದಿ ತಿಳ್ಕೊಂಡಾರ ಬ್ಯಾಸಗಿ ಅಂದ್ರ ಹಿತ್ತಲಕ್ಕ ರಜಾ ಅಂತ, ನಾ ಹೇಳ್ತೀನಿ ಎರಿ ಮಣ್ಣಿಗೆ ಬ್ಯಾಸಗೀನೇ ಸುಗ್ಗಿ. ನೆಲ ಬಿರಕ ಬಿಟ್ಟು ಬಾಯಿ ತಗೀತದ ಅಲ್ರಿ, ಒಂದೊಂದು ಬಿರಕಿನ್ಯಾಗ ಮೊಣಕೈ ತನಕ ಕೈ ಹೋಗ್ತದ, ಅದನ್ನ ನೋಡಿ ಮಂದಿ ಅಂಜಿ ನೀರ್ ಬಿಟ್ಟು ಮುಚ್ಚಲಾಕ ನೋಡ್ತಾರ. ಹಂಗ್ ಮಾಡ್ಬ್ಯಾಡ್ರಿ, ಆ ಬಿರಕಿನ್ಯಾಗ ಪುಡಿ ಮಾಡಿದ ಹೆಂಡಿ ಗೊಬ್ಬರ, ಒಣಗಿದ ಎಲಿ ಚೂರು, ಅಡಗಿ ಮನಿ ಕಸದ ಗೊಬ್ಬರ ಎಲ್ಲಾ ಸುರವಿ ಕೈಯಿಂದ ಒಳಗ ದೂಡ್ರಿ. ಎರಡ್ ಫೂಟ್ ಆಳಕ್ಕ ಗೊಬ್ಬರ ಇಳಸ್ಲಾಕ ಕೂಲಿ ಹಚ್ಚಿದ್ರ ಎಷ್ಟ್ ಕೇಳ್ತಾರ? ಇಲ್ಲಿ ನೆಲಾನೇ ಬಾಯಿ ತಗದು ಹಾಕು ಅಂತದ. ಮಳಿ ಬಿದ್ದಾಗ ಬಾಯಿ ಮುಚ್ಕೋತದ, ಗೊಬ್ಬರ ಒಳಗೇ ಉಳೀತದ, ಮೂರ್ ನಾಕ್ ವರ್ಷ ಬಿಡದೇ ಮಾಡಿದ್ರ ಮಣ್ಣಿನ ಗುಣಾನೇ ಬದಲಾಗ್ತದ, ನನ್ನ ಹಿತ್ತಲದಾಗ ಈಗ ಕುರ್ಪಿ ಹಾಕಿದ್ರ ಸಲೀಸಾಗಿ ಇಳೀತದ. ಕೆಲವ್ರು ಎರಿ ಮಣ್ಣು ಸಡ್ಲ ಆಗ್ಲಿ ಅಂತ ಒಂದ್ ಟ್ರಾಲಿ ಉಸುಕು ತಂದು ಕಲಸ್ತಾರ, ಅದು ದುಡ್ಡು ದಂಡ. ಅಷ್ಟ್ ಉಸುಕಿನಿಂದ ಏನೂ ಆಗಲ್ಲ, ಸಿಮೆಂಟಿನಂಗ ಗಟ್ಟಿ ಆಗ್ತದ ಅಷ್ಟೇ.

ಬಿರಕಿಗೆ ಗೊಬ್ಬರ ಹಾಕಿದ ಮ್ಯಾಲ ನೆಲ ಮುಚ್ಚಬೇಕು. ಬ್ಯಾರೆ ಊರಾಗ ತೆಂಗಿನ ನಾರು ಅದು ಇದು ಅಂತಾರ, ನಮಗ್ಯಾಕದು, ತೊಗರಿ ನಾಡಿನ್ಯಾಗ ಇದ್ದೀವಿ. 2019ರಾಗ ಕಲಬುರಗಿ ತೊಗರಿ ಬ್ಯಾಳಿಗೆ ಜಿಐ ಟ್ಯಾಗ್, ಅಂದ್ರ ಊರ ಹೆಸರಿನ ಸರ್ಕಾರಿ ಗುರ್ತು, ಸಿಕ್ಕಾಗ ಎಲ್ಲಾರೂ ಖುಷಿ ಪಟ್ರು, ಖರೇ, ಆದ್ರ ತೊಗರಿ ರಾಶಿ ಆದ ಮ್ಯಾಲ ಉಳಿಯೂ ಹೊಟ್ಟು, ಕಟ್ಟಿಗಿ ಇವೂ ಬಂಗಾರನೇ. ಪರಿಚಯದ ರೈತರಿದ್ರ ಜನವರಿ ಫೆಬ್ರವರಿದಾಗೇ ನಾಕ್ ಚೀಲ ಹೊಟ್ಟು ತಂದಿಟ್ಕೋರಿ, ಗಿಡದ ಸುತ್ತ ಮೂರ್ ಇಂಚ್ ದಪ್ಪ ಹಾಸ್ರಿ, ಬೊಡ್ಡಿಗೆ ಮಾತ್ರ ತಾಗಿಸಬ್ಯಾಡ್ರಿ, ತಾಗಿದ್ರ ಅಲ್ಲಿ ತೇವ ನಿಂತು ತೊಗಟಿ ಕೊಳೀತದ, ಒರಲಿನೂ ಹತ್ತತಾವ.

ನೀರಿನ ಮಾತು. ಎರಿ ಮಣ್ಣಿಗೆ ದಿನಾ ಚೂರ್ ಚೂರ್ ನೀರ್ ಹಾಕೂದು ಅತೀ ಕೆಟ್ಟ ಚಾಳಿ. ಮ್ಯಾಲ ಒಣಗಿದಂಗ ಕಾಣ್ತದ, ಒಳಗ ಕೆಸರು ಇರ್ತದ. ಒಂದ್ ಎರಡ್ ಫೂಟ್ ಕಬ್ಬಿಣದ ಸರಳು ಇಟ್ಕೋರಿ, ಗಿಡದಿಂದ ಒಂದೂವರಿ ಫೂಟ್ ದೂರ ಚುಚ್ರಿ, ಸಲೀಸ್ ಇಳದ್ರ ನೀರ್ ಬ್ಯಾಡ, ಇಳೀಲಿಲ್ಲಂದ್ರ ಬುಡಕ್ಕ ಪಾತಿ ಮಾಡಿ ಹೊಟ್ಟಿ ತುಂಬಾ ಕುಡಸ್ರಿ, ಆಮ್ಯಾಲ ಆರೇಳು ದಿನ ಆ ಕಡಿ ನೋಡಬ್ಯಾಡ್ರಿ. ನನ್ನ ಮದಲ್ನೇ ಲಿಂಬಿ ಗಿಡ ಬಿಸಲಿಗೆ ಸತ್ತಿದ್ದಲ್ಲ, ನನ್ನ ಪ್ರೀತಿಗೆ ಸತ್ತಿದ್ದು, ದಿನಾ ಮುಂಜಾನಿ ಎದ್ದು ಎರಡ್ ಕೊಡ ಸುರೀತಿದ್ದೆ, ಬೊಡ್ಡ್ಯಾಗಿಂದ ಅಂಟು ಸೋರ್ಲಾಕತ್ತು, ಮೂರ್ ತಿಂಗಳಿಗೆ ಒಣಗಿ ಕಡ್ಡಿ ಆಯ್ತು. ಸಣ್ಣ ಗಿಡಗೋಳಿಗೆ ಬಾಜೂಕ ಒಂದೊಂದು ಮಣ್ಣಿನ ಗಡಗಿ ಕುತ್ತಿಗಿ ತನಕ ಹುಗದು ನೀರ್ ತುಂಬಿ ಮ್ಯಾಲ ತಟ್ಟಿ ಮುಚ್ರಿ, ಗಡಗಿ ತಾನೇ ಬೆವರಕೋತ ಬೇರಿಗೆ ನೀರ್ ಉಣಸ್ತದ, ನೀವ್ ಊರಿಗೆ ಹೋದ್ರೂ ನಾಕ್ ದಿನ ಚಿಂತಿ ಇಲ್ಲ. ಬಚ್ಚಲ ನೀರ್ ಬಾಳಿ ಗಿಡಕ್ಕ ಬಿಡಬಹುದು, ಬಟ್ಟಿ ಒಗದ ಪೌಡರ್ ನೀರ್ ಮಾತ್ರ ಯಾವ ಗಿಡಕ್ಕೂ ಬ್ಯಾಡ, ಅದ್ರಾಗಿನ ಸೋಡಾ ಉಪ್ಪಿಗೆ ಎರಿ ಮಣ್ಣು ಸೀಲ್ ಹೊಡದಂಗ ಗಟ್ಟಿ ಆಗ್ತದ, ಆಮ್ಯಾಲ ಮಳಿ ನೀರೂ ಒಳಗ ಇಳಿಯಲ್ಲ.

ಇನ್ನ ನಿಮ್ಮ ಚಾ ಕುಡಿಯೂ ನೆರಳು. ಎಲ್ಲಾರೂ ಬೇವಿನ ಗಿಡ ಹಚ್ರಿ ಅಂತ ಹೇಳ್ತಾರ, ನಾನೂ ಬೇವಿನ ಭಕ್ತನೇ, ಬ್ಯಾಸಗಿ ಮುಂಚೆ ಎಲಿ ಉದುರ್ಸಿ ಯುಗಾದಿ ಹೊತ್ತಿಗೆ ಹೊಸ ಎಲಿ ಹೊತ್ಕೊಂಡು ಮೇ ತಿಂಗಳಿಗೆ ದಟ್ಟ ನೆರಳು ಕೊಡೂ ಗಿಡ ಅದು. ಆದ್ರ 20 ಬೈ 25 ಜಾಗದಾಗ ಬ್ಯಾಡ. ಎರಿ ಮಣ್ಣಿನ್ಯಾಗ ದೊಡ್ಡ ಗಿಡದ ಬೇರು ಗ್ವಾಡಿ ಬುಡದ ತೇವ ಎಳ್ಕೋತಾವ, ಅಲ್ಲಿ ಮಣ್ಣು ಕುಗ್ಗತದ, ಪಾಯ ಕುಂದರ್ತದ, ಗ್ವಾಡಿ ಬಿರಕ ಬಿಡ್ತದ, ಆಮ್ಯಾಲ ಬಾಜೂ ಮನಿಯವ್ರ ಜೋಡಿ ಜಗಳ. ಬೇವು ರೋಡ್ ಬಾಜೂಕ, ಗುಡಿ ಮುಂದ ಹಚ್ಚಬೇಕು. ಸೀತಾಫಲ ಹಚ್ತೀವಿ ಅಂತ ಕೆಲವ್ರು, ಹಣ್ಣೇನೋ ಚೊಲೋ, ಖರೇ ಬ್ಯಾಸಗ್ಯಾಗ ಎಲಿ ಉದುರ್ಸಿ ಕಡ್ಡಿ ನಿಲ್ತದ, ನೆರಳು ಬೇಕಾದ ದಿನಾನೇ ಕೈ ಕೊಡ್ತದ. ನಿಮಗ ನಾ ಹೇಳೂದು ಪೇರಲ. ಸರ್ದಾರ್ ಅಂತ ತಳಿ ಬರ್ತದ, ಎಲ್-49 ಅಂತನೂ ಕರೀತಾರ, ಎತ್ತರ ಕಮ್ಮಿ, ಹರವು ಜಾಸ್ತಿ, ವರ್ಷಿಡೀ ಎಲಿ ಇರ್ತಾವ, ಎರಿ ಮಣ್ಣಿಗೆ ತಡೀತದ. ಪಡುವಣ ಮೂಲಿಗೆ, ಕಂಪೌಂಡಿನಿಂದ ಎಂಟ್ ಫೂಟ್ ಒಳಗ ಹಚ್ರಿ, ಮಧ್ಯಾಹ್ನ ಮೂರರ ಮ್ಯಾಲಿನ ಬಿಸಲು ಅದೇ ಕಡಿಯಿಂದ ಬಡೀತದ.

ಪೇರಲ ದೊಡ್ಡದಾಗಾಕ ಮೂರ್ ವರ್ಷ ಬೇಕು, ಅಲ್ಲೀ ತನಕ ಏನ್ ಮಾಡೂದು? ಹಂದರ ಹಾಕ್ರಿ. ನಾಕ್ ಜಿಐ ಕಬ್ಬಿಣದ ಪೈಪ್ ಎರಡ್ ಎರಡ್ ಫೂಟ್ ಆಳಕ್ಕ ಕಾಂಕ್ರೀಟ್‌ದಾಗ ನಿಲ್ಲಸಿ ಮ್ಯಾಲ ಅಡ್ಡಪಟ್ಟಿ ಬೆಸಗಿ ಹಾಕ್ಸ್ರಿ, ಮಾರ್ಚ್‌ದಿಂದ ಮೇ ತನಕ ಐವತ್ತು ಪರ್ಸೆಂಟ್ ನೆರಳಿನ ಹಸರು ನೆಟ್ ಕಟ್ಟ್ರಿ, ಜೂನ್ ಬಂದ ಕೂಡ್ಲೇ ನೆಟ್ ಬಿಚ್ಚಿ ಹೀರಿ, ಹಾಗಲ, ತೊಂಡಿ ಬಳ್ಳಿ ಹಬ್ಬಸ್ರಿ. ಒಂದ್ ಮೂಲ್ಯಾಗ ಮಲ್ಲಿಗಿ ಹಚ್ಚಿದ್ರ ಅದು ತಾನೇ ಹಬ್ಬಕೋತ ಹೋಗ್ತದ. ಪೈಪ್ ಜರಾ ದಪ್ಪಂದೇ ತಗೋರಿ, ಯಾಕಂದ್ರ ಪಂಚಮಿಗೆ ಹುಡುಗ್ರು ಜೋಕಾಲಿ ಕೇಳೇ ಕೇಳ್ತಾವ, ಪೇರಲ ಟೊಂಗಿಗೆ ಆ ತಾಕತ್ತು ಇರಲ್ಲ, ನುಗ್ಗಿ ಟೊಂಗಿಗಂತೂ ಕೈ ಸುದ್ದಾ ಹಾಕಬಾರದು, ಪಟಕ್ಕನ ಮುರೀತದ. ಸಂಜಿ ಐದೂವರಿಗೆ ಹಂದರದ ಕೆಳಗ ಫರಸಿ ಮ್ಯಾಲ ಒಂದ್ ಬಕೀಟ್ ನೀರ್ ಚಿಮಕಸಿ ಅರ್ಧಾ ತಾಸು ಬಿಡ್ರಿ, ಆಮ್ಯಾಲ ಹೊರಸು ಹಾಕ್ಕೊಂಡು ಕುಂಡ್ರ್ರಿ, ಎಸಿ ಮರೀತೀರಿ. ನಮ್ಮಪ್ಪ ಏಪ್ರಿಲ್ ಮೇ ಎರಡೂ ತಿಂಗಳು ಖೋಲ್ಯಾಗ ಮಕ್ಕೊಂಡಿದ್ದು ನಾ ನೋಡೇ ಇಲ್ಲ.

ಫರಸಿ ಅಂದ್ನಲ್ಲ, ಅದೇ ನಿಮ್ಮನೆಯವ್ರ ಸಿಮೆಂಟಿಗೆ ಉತ್ತರ. ಇಲ್ಲೇ ಶಹಾಬಾದಿನ್ಯಾಗ ತೆಗಿಯೂ ಕಲ್ಲು ಇಡೀ ದೇಶಕ್ಕ ಹೋಗ್ತದ, ನಾವ್ ಸಿಮೆಂಟ್ ಸುರೀತೀವಿ. ಮನಿ ಗ್ವಾಡಿ ಹಚ್ಚಿ ಎಂಟ್ ಫೂಟ್ ಅಗಲ ಫರಸಿ ಹಾಸ್ರಿ, ಪಾಲಿಶ್ ಬ್ಯಾಡ, ಖರಖರ ಇರೂದು, ಇಂಚೂವರಿ ದಪ್ಪಂದು. ಕೆಳಗ ಅರ್ಧಾ ಫೂಟ್ ಮುರುಮ ಹಾಕಿ ಧಮ್ಮಸ್ ಹೊಡೀರಿ, ಕಲ್ಲು ಕಲ್ಲಿನ ನಡುವ ಒಂದ್ ಇಂಚ್ ಬಿಟ್ಟು ಅದ್ರಾಗ ಸಣ್ಣ ಖಡಿ ತುಂಬ್ರಿ, ಸಿಮೆಂಟ್ ಸಂದಿ ತುಂಬಸಬ್ಯಾಡ್ರಿ. ಕೆಳಗಿನ ಮಣ್ಣು ಉಬ್ಬಿದ್ರ ಒಂದೊಂದು ಕಲ್ಲು ಬ್ಯಾರೆ ಬ್ಯಾರೆ ಏಳ್ತದ, ಅದೊಂದೇ ಎತ್ತಿ ಸರೀ ಮಾಡಿದ್ರ ಮುಗೀತು. ಮನಿಯಿಂದ ಹೊರಗ ಐದ್ ಫೂಟಿಗೆ ಒಂದ್ ಇಂಚ್ ಇಳಕಲು ಇರಲಿ, ಇಲ್ಲಂದ್ರ ಮಳಿ ನೀರ್ ಪಾಯದ ಬುಡಕ್ಕೇ ನಿಲ್ತದ. ಮಳಿಗಾಲದಾಗ ಪಾಚಿ ಹಿಡದು ಜಾರ್ತದ, ಆವಾಗ ಬಟ್ಟಿ ಪೌಡರ್ ಅಲ್ಲ, ಆಸಿಡ್ ಅಂತೂ ಮೊದಲೇ ಅಲ್ಲ, ಶಹಾಬಾದ್ ಕಲ್ಲು ಸುಣ್ಣದ ಕಲ್ಲು ನೋಡ್ರಿ, ಆಸಿಡ್ ಬಿದ್ರ ನೊರಿ ಬಂದು ಕಲ್ಲೇ ಕರಗ್ತದ. ಗಟ್ಟಿ ಬ್ರಷ್ ತಗೊಂಡು ತಿಕ್ರಿ, ಅಷ್ಟೇ.

ಮಳಿಗಾಲ. ನಮ್ಮಲ್ಲಿ ವರ್ಷಕ್ಕ ಸುಮಾರು 750 ಮಿ.ಮೀ. ಮಳಿ, ಅದ್ರಾಗ ಹೆಚ್ಚಿಂದು ಜೂನ್‌ದಿಂದ ಸೆಪ್ಟೆಂಬರ್ ಒಳಗ. ಕಮ್ಮಿ ಅನಸ್ತದ, ಲೆಕ್ಕ ಹಾಕಿ ನೋಡ್ರಿ, ಸಾವಿರ ಚದರ ಫೂಟ್ ಮಾಳಗಿ ಮ್ಯಾಲ ಬೀಳೂ ನೀರ್ ಎಲ್ಲಾ ಸೋರಿ ಹೋಗೂದು ಬಿಟ್ಟು 55 ಸಾವಿರ ಲೀಟರ್ ಆಗ್ತದ. ಅಷ್ಟೂ ನೀರ್ ನೀವ್ ಪೈಪ್ ಹಚ್ಚಿ ಹಿತ್ತಲಕ್ಕ ಬಿಟ್ಟೀರಿ ಅಂತ ನನಗ ಸಂಶಯ, ಹೊಸ ಲೇಔಟ್ ಮನಿಗೋಳು ಬಹಳಷ್ಟು ಹಿಂಗೇ ಅವ, ಚಪ್ಪಲ್ ಹುಗೀಲಾರದೇ ಏನ್ ಮಾಡ್ತದ್ರಿ. ಮದಲ ಆ ಪೈಪ್ ತಿರುಗಿಸಿ ಸಂಪಿಗೋ ಟಾಕಿಗೋ ಹಚ್ರಿ, ಮದಲ್ನೇ ಒಂದೆರಡು ಮಳಿ ನೀರ್ ಹೊರಗ ಬಿಟ್ಟು ಮಾಳಗಿ ಧೂಳ ತೊಳದು ಹೋದ ಮ್ಯಾಲ ತುಂಬಸ್ಕೋರಿ. ಆಮ್ಯಾಲ ಕಂಪೌಂಡ್ ಗುಂಟ, ಆದ್ರ ಗ್ವಾಡಿಗೆ ಹಚ್ಚಿ ಅಲ್ಲ, ಎರಡ್ ಫೂಟ್ ಬಿಟ್ಟು ಒಂದೂವರಿ ಫೂಟ್ ಆಳ ಕಾಲುವಿ ತೋಡಿ ದಪ್ಪ ಖಡಿ ತುಂಬಿ ಹೊರಗಿನ ನಾಲಿ ಕಡಿ ಇಳಕಲು ಕೊಡ್ರಿ. ಏಪ್ರಿಲ್ ಮೇದಾಗ ಒಂದ್ ಗುಡುಗಿನ ಮಳಿ ಬಿದ್ದೇ ಬೀಳ್ತದ, ಅದು ಬಿದ್ದು ಮೂರ್ನೇ ದಿನ ಈ ತೋಡೂ ಕೆಲಸ ಹಚ್ರಿ, ಕೂಲಿಯವ್ರು ಅರ್ಧಾ ದಿನದಾಗ ಮುಗಸ್ತಾರ, ಒಣ ನೆಲದಾಗ ಆದ್ರ ಎರಡ್ ದಿನ ತಗೊಂಡು ಮ್ಯಾಲ ನಿಮ್ಮನ್ನೇ ಬೈತಾರ.

ಕಾಯಿಪಲ್ಯದ ಮಡಿ ಒಂದ್ ಫೂಟ್ ಎತ್ತರ ಇರಲಿ, ಮೂರೂವರಿ ಫೂಟ್ ಅಗಲ, ಎರಡೂ ಬಾಜೂದಿಂದ ಕೈ ನಡುವಿಗೆ ಮುಟ್ಟಬೇಕು. ಮಡಿ ಮ್ಯಾಲ ಕಾಲು ಇಡಬಾರದು, ಹುಡುಗ್ರಿಗೆ ಮದಲ ಇದೊಂದು ಕಲಸ್ರಿ. ನಡುವ ಓಡಾಡಾಕ ಫರಸಿ ತುಣಕು ಹಾಕ್ರಿ. ಜೂನ್ ಹದಕ್ಕ ಬೆಂಡಿ, ಚವಳಿ, ಪುಂಡಿಪಲ್ಯ, ರಾಜಗಿರಿ, ಬಳ್ಳಿಯವು ಹಂದರಕ್ಕ. ಬದನಿ ಸಸಿ ಜುಲೈದಾಗ. ಮತ್ತ ಕಂಪೌಂಡ್ ಗುಂಟ ಒಂದ್ ಸಾಲು ತೊಗರಿ ಹಾಕ್ರಿ, ನಗಬ್ಯಾಡ್ರಿ, ಖರೇನೇ ಹೇಳ್ಲಾಕತ್ತೀನಿ, ಮೂರ್ ಫೂಟಿಗೊಂದು ಕಾಳು. ಆಳಂದ ರೋಡಿನ ಕೃಷಿ ಸಂಶೋಧನಾ ಕೇಂದ್ರದವ್ರು ತಗದ ಟಿಎಸ್-3ಆರ್ ತಳಿ ಸಿಕ್ರ ಚೊಲೋ, ಸೊರಗು ರೋಗಕ್ಕ ತಡೀತದ. ತೊಗರಿ ಬೇರು ಆಳಕ್ಕ ಹೋಗಿ ನೆಲ ಸಡ್ಲ ಮಾಡ್ತದ, ಎಲಿ ಉದುರಿ ಗೊಬ್ಬರ ಆಗ್ತದ, ಆಳೆತ್ತರ ಬೆಳದು ಹಸರು ಬೇಲಿ ಆಗ್ತದ, ಮತ್ತ ನವೆಂಬರ್ ಡಿಸೆಂಬರ್‌ದಾಗ ಹಸೀ ತೊಗರಿಕಾಯಿ ಉಪ್ಪು ಹಾಕಿ ಕುದಿಸಿ ಒಂದ್ ಪುಟ್ಟಿ ನಡುವ ಇಟ್ಟ್ರ ಮನಿ ಮಂದಿಯೆಲ್ಲಾ ಮೊಬೈಲ್ ಬಿಟ್ಟು ಸುತ್ತ ಕುಂಡ್ರ್ತಾರ.

ಕಸ ಕೀಳೂದು ಮಳಿ ಬಿದ್ದ ಮರದಿನ, ಬೇರ್ ಸಮೇತ ಬರ್ತದ. ಕಾಂಗ್ರೆಸ್ ಕಸ ಹೂ ಬಿಡೂ ಮುಂಚೆ ಕೈಗೆ ಗ್ಲೌಸ್ ಹಾಕ್ಕೊಂಡು ಕೀಳ್ರಿ, ಅದು ತಾಗಿದ್ರ ಕೆಲವ್ರಿಗೆ ಮೈ ತುರಸ್ತದ, ದಮ್ಮು ಬರ್ತದ. ಜೇಕು ಮಾತ್ರ ಕಿತ್ತಷ್ಟೂ ಬರ್ತದ, ಅದ್ರ ಗಡ್ಡಿ ಕೆಳಗ ಇರ್ತದ, ತಾಳ್ಮಿ ಬೇಕು. ಕಟ್ಟಿಗಿ ರಾಸಿ, ಹಳೇ ಇಟ್ಟಂಗಿ ಹಿತ್ತಲದಾಗ ಇಟ್ಟಿದ್ರ ಮಳಿಗಾಲಕ್ಕ ಮುಂಚೆ ತೆಗೀರಿ, ಚೇಳು ಹಾವಿಗೆ ಅದೇ ಮನಿ. ಹೂಕುಂಡದ ಕೆಳಗಿನ ತಟ್ಟಿ, ಹಕ್ಕಿಗಿಟ್ಟ ನೀರಿನ ಮುಚ್ಚಳ, ಹುಗದ ಗಡಗಿ, ಎಲ್ಲಾ ವಾರಕ್ಕೊಮ್ಮೆ ತಪ್ಪದೇ ಖಾಲಿ ಮಾಡಿ ತಿಕ್ಕಬೇಕು, ಡೆಂಗಿ ಸೊಳ್ಳಿ ತತ್ತಿಯಿಂದ ಸೊಳ್ಳಿ ಆಗಾಕ ಎಂಟ್ ಹತ್ತು ದಿನ ಸಾಕು. ಜೂನ್ ಜುಲೈದಾಗ ಬೇವಿನ ಹಣ್ಣು ಉದರ್ತಾವ, ಓಣ್ಯಾಗ ಬಿದ್ದಿದ್ದು ಹುಡುಗ್ರ ಕೈಲಿ ಆರಿಸಿ ಸಿಪ್ಪಿ ತೊಳದು ನೆರಳಾಗ ಒಣಗಿಸಿ ಇಟ್ಕೋರಿ, ಹುಳ ಬಿದ್ದಾಗ ಒಳಗಿನ ಕಾಳು ಕುಟ್ಟಿ ಲೀಟರ್ ನೀರಿಗೆ 50 ಗ್ರಾಂ ಲೆಕ್ಕದಾಗ ರಾತ್ರಿ ನೆನಸಿ ಮುಂಜಾನಿ ಬಟ್ಟ್ಯಾಗ ಸೋಸಿ ಜರಾ ಸೋಪಿನ ನೀರ್ ಕೂಡಿಸಿ ಸಂಜಿಮುಂದ ಹೊಡೀರಿ. ಅಂಗಡ್ಯಾಗಿನ ಕೀಟನಾಶಕ ಎಣ್ಣಿ ಹೊಡಿಯೂ ಪ್ರಸಂಗ ಮನಿ ಹಿತ್ತಲಕ್ಕ ಬರಬಾರದು, ಅದೇ ಪಲ್ಯ ಸಂಜಿಗೆ ಹುಡುಗ್ರ ತಾಟಿನ್ಯಾಗ ಬೀಳ್ತದ.

ಥಂಡಿ ದಿನಗಳ ಬಗ್ಗೆ ಹೆಚ್ಚು ಹೇಳೂದಿಲ್ಲ, ಅವಾಗ ನಮ್ಮ ಹಿತ್ತಲ ತಾನೇ ನಡೀತದ. ಅಕ್ಟೋಬರ್ ಹದಕ್ಕ ಮೆಂತ್ಯೆ, ಪಾಲಕ, ಕೊತಂಬರಿ, ಮೂಲಂಗಿ, ಉಳ್ಳಾಗಡ್ಡಿ, ಟಮಾಟಿ ಎಲ್ಲಾ ಹಾಕ್ರಿ, ಕೊತಂಬರಿ ಕಾಳು ಮಾತ್ರ ಕೈಯಾಗ ತಿಕ್ಕಿ ಎರಡ್ ಹೋಳು ಮಾಡಿ ಹಾಕ್ರಿ. ಮೆಂತ್ಯೆ 25, 30 ದಿನಕ್ಕ ಕೊಯ್ಯಾಕ ಬರ್ತದ, ಹದಿನೈದು ದಿನಕ್ಕೊಮ್ಮೆ ಒಂದೊಂದು ತುಣಕು ಬಿತ್ತಿದ್ರ ಸಂಕ್ರಮಣ ದಾಟಿದ್ರೂ ಪಲ್ಯ ನಿಲ್ಲಲ್ಲ. ಒಂದ್ ಮಡಿ ಕಡ್ಲಿ ಇರಲಿ, ಎಳೀ ಕುಡಿ ಚಿವುಟಿದ ಹುಳಿ ಹುಳಿ ಕಡ್ಲಿ ಪಲ್ಯ ಪ್ಯಾಟ್ಯಾಗ ತಂದಿದ್ದಕ್ಕ ಆ ರುಚಿ ಇರಲ್ಲ, ಚಿವುಟಿದಷ್ಟೂ ಟೊಂಗಿ ಒಡದು ಕಾಯಿನೂ ಜಾಸ್ತಿ. ಎಳ್ಳ ಅಮಾಸಿಗೆ ಹೊಲ ಇಲ್ಲದೋರು ಯಾರ್ದೋ ಹೊಲಕ್ಕ ಕಾರ್ ತಗೊಂಡು ಹೋಗ್ತಾರ, ನೀವು ಈ ಸಲ ಭಜ್ಜಿಗೆ ಬೇಕಾದ ಪಲ್ಯ ಕಾಳು ಅರ್ಧಾ ಆದ್ರೂ ನಿಮ್ಮ ಹಿತ್ತಲದ್ದೇ ಹಾಕಿ ಸಜ್ಜಿ ರೊಟ್ಟಿ ಜೋಡಿ ಪೇರಲ ಗಿಡದ ಬುಡಕ್ಕೇ ಚರಗ ಚೆಲ್ಲಿ ನೋಡ್ರಿ, ಅತ್ತಿಯವ್ರ ಮಾರಿ ಹೆಂಗ್ ಅರಳ್ತದ.

ಲಿಂಬಿ ಎಲಿ ಹಳದಿ ಬಗ್ಗೆ ಕೇಳಿದ್ರಿ. ಯಾವ ಎಲಿ ಅಂತ ನೀವ್ ಹೇಳಿಲ್ಲ, ಅದೇ ಮುಖ್ಯ. ಹೊಸ ಚಿಗುರು ಹಳದಿ ಆಗಿ ನರ ಮಾತ್ರ ಹಸರು ಉಳದಿದ್ರ ಅದು ಕಬ್ಬಿಣದ ಕೊರತಿ. ನಮ್ಮ ಮಣ್ಣಿನ್ಯಾಗ ಕಬ್ಬಿಣ ಇರಲ್ಲ ಅಂತಲ್ಲ, ಬೇಕಾದಷ್ಟು ಅದ, ಸುಣ್ಣದ ಹರಳು ಜಾಸ್ತಿ ಇರೂದ್ರಿಂದ ಗಿಡಕ್ಕ ಸಿಗಲ್ಲ, ಉಗ್ರಾಣ ತುಂಬಿ ಕೀಲಿ ಹಾಕಿದಂಗ. ಫೆರಸ್ ಸಲ್ಫೇಟ್ ಲೀಟರಿಗೆ 5 ಗ್ರಾಂ, ಅದಕ್ಕ 1 ಗ್ರಾಂ ಸಿಟ್ರಿಕ್ ಆಸಿಡ್ ಅಂದ್ರ ಲಿಂಬಿ ಉಪ್ಪು ಕೂಡಿಸಿ ಹತ್ತು ಹನ್ನೆರಡು ದಿನಕ್ಕೊಮ್ಮೆ ಮೂರ್ ಸಲ ಸಂಜಿಮುಂದ ಎಲಿಗೆ ಹೊಡೀರಿ, ಫರಸಿ ಮ್ಯಾಲ ಬೀಳದಂಗ ನೋಡ್ರಿ, ಕಲಿ ಆದ್ರ ಹೋಗಲ್ಲ. ಬುಡದಾಗಿನ ಹಳೇ ಎಲಿ ಹಳದಿ ಆಗಿ ಉದುರ್ಲಾಕತ್ತಿದ್ರ ಒಂದೋ ಹೊಟ್ಟಿಗಿಲ್ಲ, ಗೊಬ್ಬರ ಹಾಕ್ರಿ, ಇಲ್ಲಾ ನೀರ್ ಜಾಸ್ತಿ ಆಗ್ಯದ, ಸರಳು ಚುಚ್ಚಿ ನೋಡ್ರಿ.

ಬೀದರ್ ಕಡಿಯವ್ರು ಇದನ್ನ ಓದಿದ್ರ ಒಂದ್ ಮಾತು, ನಿಮ್ಮ ಕೆಂಪ್ ಮುರುಮ ಮಣ್ಣಿಗೆ ಈ ಲೆಕ್ಕ ಉಲ್ಟಾ, ಅಲ್ಲಿ ನೀರ್ ನಿಲ್ಲಲ್ಲ, ಸರ್ರನ ಇಳದು ಹೋಗ್ತದ. ಬಹಮನಿಯವ್ರು ನೌಬಾದ್‌ದಾಗ ನೆಲದ ಒಳಗೇ ಸುರಂಗ ಬಾವಿ ಕೊರದು ನೀರ್ ತಂದಿದ್ದು ಅಂಥಾ ನೆಲದಾಗೇ. ನಿಮಗ ಎತ್ತರ ಮಡಿ ಬ್ಯಾಡ, ತಗ್ಗು ಮಡಿ ಬೇಕು, ನೀರ್ ಕಮ್ಮಿ ಕಮ್ಮಿ, ಜಲ್ದಿ ಜಲ್ದಿ. ಯಾದಗಿರಿ ಕಡಿ ಎರಿ ಇರೋರು ನಾ ಮ್ಯಾಲ ಹೇಳಿದ್ದೇ ಮಾಡ್ರಿ.

ತಂಗೀ, ನೀವ್ ಈ ವಾರ ಮಾಡಬೇಕಾಗಿದ್ದು ಒಂದೇ ಕೆಲಸ, ಮಣ್ಣ ಪರೀಕ್ಷೆ. ಹಿತ್ತಲದಾಗ ಐದಾರು ಕಡಿ ಮ್ಯಾಲಿನ ಕಸ ಸರಿಸಿ ಅರ್ಧಾ ಫೂಟ್ ತಗ್ಗು ತೋಡಿ ಬಾಜೂದ ಮಣ್ಣು ಮ್ಯಾಲಿಂದ ಕೆಳಗಿನ ತನಕ ಕೆರದು ತೆಗೀರಿ, ಎಲ್ಲಾ ಒಂದ್ ಬುಟ್ಟ್ಯಾಗ ಕಲಸಿ ನೆರಳಾಗ ಒಣಗಿಸಿ ಅರ್ಧಾ ಕಿಲೋ ಚೀಲಕ್ಕ ಹಾಕಿ ಆಳಂದ ರೋಡಿನ ಕೃಷಿ ವಿಜ್ಞಾನ ಕೇಂದ್ರಕ್ಕ ಒಯ್ದು ಕೊಡ್ರಿ, ಬೋರ್ ನೀರ್ ಹಾಕೋರಿದ್ರ ಒಂದ್ ಬಾಟಲಿ ಅದೂ ಜೋಡಿ ಒಯ್ರಿ. ಗೊಬ್ಬರ ಹಾಕಿದ ಜಾಗ, ಕಾಂಪೌಂಡ್ ಬುಡದ ಮಣ್ಣು ಬ್ಯಾಡ. ಲಾನ್ ಇದ್ದ ಜಾಗದ್ದು ಬ್ಯಾರೇನೇ ಚೀಲದಾಗ ಹಾಕಿ ಹೆಸರು ಬರೀರಿ, ಅಲ್ಲಿ ಅವ್ರು ಸುರವಿದ ಕೆಂಪ್ ಮಣ್ಣು ಇನ್ನಾ ಇರ್ತದ, ಎರಡೂ ಕಲಸಿದ್ರ ರಿಪೋರ್ಟ್ ಎರಡಕ್ಕೂ ಉಪಯೋಗಕ್ಕ ಬರಲ್ಲ.